ಬಾಲದಿಂದ ಓದಿ: ವೈದ್ಯರ ಪದ, ಪ್ರಾಣಿಗಳ ಹೆಸರು ಬಿಡಿಸುವುದು ಹೇಗೆ?

ಚಿಕ್ಕಮ್ಮನ ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದಾಗ ಸಂಜೆ ಏಳು ಗಂಟೆ. ಡಾಕ್ಟರ್ ಸಿಗುವುದು ಮರುದಿನ ಹನ್ನೊಂದಕ್ಕೆ. ರಿಪೋರ್ಟಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ಮೈಲ್ಡ್ ಹೆಪಟೊಮೆಗಲಿ’ ಎಂದಿತ್ತು. ಚಿಕ್ಕಪ್ಪನಿಗೆ ಹೆಪಟೈಟಿಸ್ ಎಂಬ ಪದ ಗೊತ್ತಿತ್ತು. “ಕಾಮಾಲೆ ಇರಬೇಕು ಕಣೋ, ಅದೂ ದೊಡ್ಡದು” ಅಂದರು. ಅಷ್ಟೇ ಸಾಕಾಯ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಬೆಳಗ್ಗೆ ಡಾಕ್ಟರ್ ರಿಪೋರ್ಟ್ ತಿರುವಿ ಹಾಕಿ, “ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಸೇರಿದೆಯಮ್ಮ, ದಿನಾ ನಡೀರಿ, ಕರಿದಿದ್ದು ಕಡಿಮೆ ಮಾಡಿ” ಎಂದು ಕಳಿಸಿದರು.

ಹೆಪಟೊ ಎಂದರೆ ಲಿವರ್. ಮೆಗಲಿ ಎಂದರೆ ದೊಡ್ಡದಾಗಿರುವುದು. ಮೆಗಾ ಧಾರಾವಾಹಿ ಅಂತೀವಲ್ಲ, ಅದೇ ಮೆಗಾ. ಲಿವರ್ ಮಾಮೂಲಿಗಿಂತ ದೊಡ್ಡದಾಗಿ ಕಾಣುತ್ತಿದೆ ಎಂದಷ್ಟೇ ರಿಪೋರ್ಟ್ ಹೇಳಿತ್ತು. ಯಾಕೆ ದೊಡ್ಡದಾಯಿತು ಎಂಬುದನ್ನು ಅದು ಹೇಳಿರಲೇ ಇಲ್ಲ. ಕಾಮಾಲೆಯನ್ನು ಸೇರಿಸಿದ್ದು ನಾವು.

ಅಂದಿನಿಂದ ನನಗೊಂದು ಚಟ ಹತ್ತಿತು. ಉದ್ದನೆಯ ಪದ ಕಂಡರೆ ಅದನ್ನು ಹಲಸಿನ ತೊಳೆಯಂತೆ ಬಿಡಿಸಿ ನೋಡುವುದು. ಈ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ಮೂವತ್ತು ನಲವತ್ತು ತುಂಡು ಗೊತ್ತಾದರೆ ನೂರಾರು ಪದ ಬಿಡಿಸಬಹುದು. ಇನ್ನೊಂದು ಮಜಾ ಆಮೇಲೆ ತಿಳಿಯಿತು. ಆಸ್ಪತ್ರೆಯ ಚೀಟಿಯಲ್ಲಿರುವ ತುಂಡುಗಳೇ ಮೃಗಾಲಯದ ಬೋರ್ಡಿನಲ್ಲೂ, ಮಕ್ಕಳ ಜೀವಶಾಸ್ತ್ರದ ಪುಸ್ತಕದಲ್ಲೂ ಇವೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪದ ಬಿಡಿಸುವುದು ಬೇರೆ, ಕಾಯಿಲೆ ಗುರುತಿಸುವುದು ಬೇರೆ. ಇದು ಡಾಕ್ಟರ್ ಹೇಳಿದ್ದು ಅರ್ಥವಾಗಲಿಕ್ಕೆ, ಸರಿಯಾದ ಪ್ರಶ್ನೆ ಕೇಳಲಿಕ್ಕೆ. ಅಷ್ಟಕ್ಕೇ.

ಮೊದಲು ಬಾಲ ಹಿಡಿಯಿರಿ

ಕನ್ನಡದಲ್ಲಿ ನಾವು ಹೇಗೆ ಪದ ಕಟ್ಟುತ್ತೇವೆ ನೋಡಿ. ತಲೆನೋವು, ಹೊಟ್ಟೆನೋವು, ಕಿವಿನೋವು. ಏನಾಗಿದೆ ಎಂಬುದು ಕೊನೆಯಲ್ಲಿದೆ, ಎಲ್ಲಿ ಎಂಬುದು ಮೊದಲಲ್ಲಿದೆ. ವೈದ್ಯರ ಪದಗಳದ್ದೂ ಇದೇ ರೀತಿ. ಹಾಗಾಗಿ ಉದ್ದನೆಯ ಪದ ಕಂಡ ಕೂಡಲೇ ಮೊದಲಿಂದ ಓದುತ್ತಾ ತಡವರಿಸಬೇಡಿ. ಒಂದು ಹಾಳೆಯ ಮೇಲೆ ಬರೆದುಕೊಂಡು, ಬಾಲದ ಕಡೆ ಒಂದು ಅಡ್ಡಗೆರೆ ಹಾಕಿ.

ಹೆಚ್ಚು ಸಿಗುವ ಬಾಲ ‘ಐಟಿಸ್’. ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ಹೆಪಟೈಟಿಸ್. ಇದಕ್ಕೆ ಕನ್ನಡದಲ್ಲಿ ಉರಿಯೂತ ಎಂಬ ಒಳ್ಳೆಯ ಪದವಿದೆ. ಉರಿ ಮತ್ತು ಊತ ಎರಡೂ ಅದರಲ್ಲೇ ಇವೆ. ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುತ್ತದೆ. ಗಮನಿಸಿ, ಐಟಿಸ್ ಇದ್ದ ಮಾತ್ರಕ್ಕೆ ಸೋಂಕು ತಗುಲಿದೆ ಎಂದಲ್ಲ. ಸಂಧಿವಾತದ ಆರ್ಥ್ರೈಟಿಸ್ ಯಾರಿಂದಲೋ ಅಂಟಿಕೊಂಡದ್ದಲ್ಲ.

ಇದರ ಪಕ್ಕದಲ್ಲೇ ‘ಓಸಿಸ್’ ಎಂಬ ಬಾಲವಿದೆ. ಒಂದು ಸ್ಥಿತಿ, ಬಹಳ ಸಲ ಸವೆತ ಅಥವಾ ಕೆಟ್ಟಿರುವುದು ಎಂಬ ಅರ್ಥ. ಈ ಎರಡನ್ನು ನಮ್ಮವರು ಕಲಸಿಬಿಡುತ್ತಾರೆ. ಕತ್ತು ನೋವಿದ್ದವರನ್ನು ಕೇಳಿ, ಹತ್ತರಲ್ಲಿ ಒಂಬತ್ತು ಮಂದಿ “ನನಗೆ ಸ್ಪಾಂಡಿಲೈಟಿಸ್” ಅನ್ನುತ್ತಾರೆ. ಎಕ್ಸ್‌ರೇ ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿರುವುದು ಸಾಮಾನ್ಯವಾಗಿ ಸ್ಪಾಂಡಿಲೋಸಿಸ್. ಸ್ಪಾಂಡಿಲ್ ಎಂದರೆ ಬೆನ್ನುಮೂಳೆಯ ಬಿಲ್ಲೆ. ಓಸಿಸ್ ಆದರೆ ವಯಸ್ಸಿನಿಂದ ಆದ ಸವೆತ. ಐಟಿಸ್ ಆದರೆ ಉರಿಯೂತ, ಅದು ಹರೆಯದವರಿಗೂ ಬರುವ ಬೇರೆಯೇ ಕಾಯಿಲೆ, ಮದ್ದೂ ಬೇರೆ. ಬಾಲ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ.

ಜನ ಅತಿ ಹೆಚ್ಚು ಹೆದರುವ ಬಾಲ ‘ಓಮಾ’. ಗಂಟು ಅಥವಾ ಗಡ್ಡೆ. ಆದರೆ ಎಲ್ಲ ಓಮಾ ಕ್ಯಾನ್ಸರ್ ಅಲ್ಲ. ಲೈಪೋಮಾ ಎಂದರೆ ಕೊಬ್ಬಿನ ಗಂಟು, ಎಷ್ಟೋ ಜನ ತೋಳಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಹೆಮಟೋಮಾ ಎಂದರೆ ಪೆಟ್ಟು ಬಿದ್ದು ರಕ್ತ ಕಟ್ಟಿದ ಉಬ್ಬು. ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ, ಮೆಲನೋಮಾ ಥರದವು ಮಾತ್ರ ಕ್ಯಾನ್ಸರ್. ಗ್ಲಾಕೋಮಾದಲ್ಲಂತೂ ಗಂಟೇ ಇಲ್ಲ, ಅದು ಕಣ್ಣಿನ ನರ ಕೆಡುವ ಕಾಯಿಲೆ. ಕೋಮಾಕ್ಕೂ ಈ ಬಾಲಕ್ಕೂ ಸಂಬಂಧವಿಲ್ಲ. ಅದು ಗಾಢ ನಿದ್ದೆ ಎಂಬ ಅರ್ಥದ ಬೇರೆ ಗ್ರೀಕ್ ಪದ.

ಆಪರೇಷನ್ ಪದಗಳಲ್ಲಿ ಮೂರು ಬಾಲಗಳು ಅಣ್ಣತಮ್ಮಂದಿರಂತಿವೆ. ‘ಟೊಮಿ’ ಎಂದರೆ ಕೊಯ್ಯುವುದು. ಆಟಂ ಎಂಬ ಪದದಲ್ಲೂ ಇದೇ ‘ಟೊಮ್’ ಇದೆ: ಕತ್ತರಿಸಲು ಆಗದ್ದು. ‘ಆಟಮಿ’ ಎಂದರೆ ಕೊಯ್ದು ತೆರೆಯುವುದು. ಲ್ಯಾಪರಾಟಮಿಯಲ್ಲಿ ಹೊಟ್ಟೆ ತೆರೆಯುತ್ತಾರೆ. ‘ಎಕ್ಟಮಿ’ ಎಂದರೆ ಕೊಯ್ದು ಹೊರಗೆ ತೆಗೆಯುವುದು. ಅಪೆಂಡಿಕ್ಸ್ ತೆಗೆದರೆ ಅಪೆಂಡೆಕ್ಟಮಿ, ಗರ್ಭಕೋಶ ತೆಗೆದರೆ ಹಿಸ್ಟರೆಕ್ಟಮಿ. ‘ಆಸ್ಟಮಿ’ಯಲ್ಲಿ ‘ಸ್ಟೋಮಾ’ ಸೇರಿಕೊಂಡಿದೆ. ಸ್ಟೋಮಾ ಎಂದರೆ ಬಾಯಿ. ಕೊಲಾಸ್ಟಮಿ ಎಂದರೆ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಒಂದು ಬಾಯಿ ಮಾಡಿಕೊಡುವುದು. ಈ ಸ್ಟೋಮಾ ನೆನಪಿರಲಿ, ಹುಳುವಿನ ಹೆಸರಿನಲ್ಲಿ ಮತ್ತೆ ಬರುತ್ತದೆ.

“ಅವರಿಗೆ ಆಂಜಿಯೋ ಆಯ್ತಂತೆ” ಎಂದು ನೆಂಟರು ಫೋನ್ ಮಾಡುತ್ತಾರೆ. ಯಾವ ಆಂಜಿಯೋ? ಆಂಜಿಯೋ ಎಂದರೆ ಬರೀ ರಕ್ತನಾಳ. ‘ಗ್ರಾಂ’ ಸೇರಿದರೆ ಚಿತ್ರ ತೆಗೆದು ನೋಡಿದ್ದು, ಪರೀಕ್ಷೆ. ‘ಪ್ಲಾಸ್ಟಿ’ ಸೇರಿದರೆ ಸರಿಪಡಿಸಿದ್ದು, ಚಿಕಿತ್ಸೆ. ಬಾಲ ಬಿಟ್ಟು ಸುದ್ದಿ ಹೇಳಿದರೆ ಅರ್ಧ ಸುದ್ದಿ ಮಾತ್ರ. ಹಾಗೆಯೇ ‘ಸ್ಕೋಪಿ’ ಇದ್ದರೆ ಕೊಳವೆ ಹಾಕಿ ನೋಡುವುದು. ಟೆಲಿಸ್ಕೋಪ್‌ನ ಸ್ಕೋಪ್ ಅದು.

ಉಳಿದವನ್ನು ಬೇಗ ಮುಗಿಸೋಣ. ‘ಈಮಿಯಾ’ ರಕ್ತಕ್ಕೆ ಸಂಬಂಧಿಸಿದ್ದು, ‘ಯೂರಿಯಾ’ ಎಂದು ಮುಗಿದರೆ ಮೂತ್ರದಲ್ಲಿ ಏನೋ ಕಂಡಿದೆ (ಗದ್ದೆಗೆ ಹಾಕುವ ಯೂರಿಯಾ ಬೇರೆ), ‘ಆಲ್ಜಿಯಾ’ ನೋವು, ‘ಲೈಸಿಸ್’ ಕರಗುವುದು ಅಥವಾ ಬಿಡಿಯಾಗುವುದು, ‘ಪೀನಿಯಾ’ ಕೊರತೆ. ಪೀನಿಯಾ ಎಂಬುದಕ್ಕೆ ಗ್ರೀಕ್‌ನಲ್ಲಿ ಬಡತನ ಎಂದೇ ಅರ್ಥ. ಡೆಂಗಿ ಬಂದವರ ರಿಪೋರ್ಟಿನಲ್ಲಿ ಥ್ರಾಂಬೊಸೈಟೊಪೀನಿಯಾ ಎಂಬ ರೈಲಿನಷ್ಟು ಉದ್ದದ ಪದ ಇರುತ್ತದಲ್ಲ, ಅದನ್ನು ಹಿಂದಿನಿಂದ ಬಿಡಿಸಿ. ಪೀನಿಯಾ, ಬಡತನ. ಸೈಟೊ, ಕಣ. ಥ್ರಾಂಬೊ, ಹೆಪ್ಪು. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೆ ಬಡತನ ಬಂದಿದೆ. ಅಂದರೆ ಪ್ಲೇಟ್‌ಲೆಟ್ ಕಡಿಮೆಯಾಗಿದೆ, ಅಷ್ಟೇ.

ನಡುವಿನ ತುಂಡು: ಯಾವ ಅಂಗ?

ಬಾಲ ತೆಗೆದ ಮೇಲೆ ಉಳಿದದ್ದರಲ್ಲಿ ಅಂಗದ ಹೆಸರು ಹುಡುಕಿ. ಕಾರ್ಡಿಯೊ ಹೃದಯ, ನೆಫ್ರೊ ಕಿಡ್ನಿ, ಗ್ಯಾಸ್ಟ್ರೊ ಜಠರ, ಎಂಟರೊ ಕರುಳು, ಡರ್ಮ ಚರ್ಮ, ಆರ್ಥ್ರೊ ಕೀಲು, ಮಯೊ ಸ್ನಾಯು, ನ್ಯೂರೊ ನರ, ರೈನೊ ಮೂಗು, ಓಟೊ ಕಿವಿ, ಕೆಫಲೊ ತಲೆ, ಹೀಮೊ ರಕ್ತ, ಕೋಲೆ ಪಿತ್ತ, ಲಿಥೊ ಕಲ್ಲು. ಇವನ್ನೆಲ್ಲ ಒಂದೇ ಸಲ ಬಾಯಿಪಾಠ ಮಾಡಲು ಹೋಗಬೇಡಿ. ಮನೆಯಲ್ಲಿರುವ ಹಳೇ ರಿಪೋರ್ಟುಗಳನ್ನು ತೆಗೆದು, ಅಲ್ಲಿ ಸಿಕ್ಕಿದ್ದನ್ನು ಮಾತ್ರ ಕಲಿಯಿರಿ. ಸ್ವಂತ ಹೊಟ್ಟೆಯ ಪದ ಮರೆಯುವುದಿಲ್ಲ.

ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ. ಗ್ರೀಕ್ ಮತ್ತು ಸಂಸ್ಕೃತ ದೂರದ ದಾಯಾದಿಗಳು. ನಾವು ಸಂಸ್ಕೃತದಿಂದ ತಂದುಕೊಂಡ ಪದಗಳು ಇಲ್ಲಿ ನೆನಪಿನ ಕೊಂಡಿಯಾಗುತ್ತವೆ. ಆಸ್ಟಿಯೊ ಎಂದರೆ ಮೂಳೆ, ನಮ್ಮ ಅಸ್ಥಿ. ಪೋಡ್ ಎಂದರೆ ಕಾಲು, ನಮ್ಮ ಪಾದ. ಓಡಾಂಟೊ ಮತ್ತು ಡೆಂಟಲ್ ಎರಡೂ ನಮ್ಮ ದಂತದ ಕಡೆಯವು. ಹೆಪಟೊ ಮತ್ತು ಯಕೃತ್ ಕೇಳಲು ಒಂದೇ ಥರ ಇಲ್ಲ, ಆದರೂ ಭಾಷಾಶಾಸ್ತ್ರಜ್ಞರು ಇವೂ ಒಂದೇ ಬೇರಿನವು ಅನ್ನುತ್ತಾರೆ.

ತಲೆಯ ಕಡೆ: ಎಷ್ಟು, ಎಲ್ಲಿ, ಇದೆಯೋ ಇಲ್ಲವೋ

ದಾಯಾದಿತನ ಚೆನ್ನಾಗಿ ಕಾಣುವುದು ಪದದ ತಲೆಯಲ್ಲಿ. ‘ಹೈಪರ್’ ಅಂದರೆ ಉಪರಿ, ಮೇಲೆ, ಜಾಸ್ತಿ. ‘ಹೈಪೊ’ ಅಂದರೆ ಉಪ, ಕೆಳಗೆ, ಕಡಿಮೆ. ‘ಪೆರಿ’ ಅಂದರೆ ಪರಿ, ಸುತ್ತ. ಪರಿಧಿ, ಪರಿಸರದ ಪರಿ. ಹಾಗಾಗಿ ಪೆರಿಕಾರ್ಡೈಟಿಸ್ ಎಂದರೆ ಹೃದಯದ ಸುತ್ತ ಇರುವ ಪೊರೆಯ ಉರಿಯೂತ. ‘ಡಿಸ್’ ಅಂದರೆ ದುಸ್. ದುರ್ಗಂಧ, ದುಸ್ಥಿತಿ ಎನ್ನುವಾಗಿನ ಕೆಟ್ಟದ್ದು, ಕಷ್ಟದ್ದು. ‘ಅ’ ಮತ್ತು ‘ಅನ್’ ಅಂತೂ ನಮ್ಮವೇ. ಅನಾರೋಗ್ಯದಲ್ಲಿರುವ ಅನ್ ಅನೀಮಿಯಾದಲ್ಲೂ ಇದೆ: ರಕ್ತ ಇಲ್ಲ, ಅಂದರೆ ಸಾಲದು.

ಇನ್ನೆರಡು ಗೊತ್ತಿರಲಿ. ಟ್ಯಾಕಿ ಬೇಗ, ಬ್ರಾಡಿ ನಿಧಾನ. ಇಸಿಜಿ ಚೀಟಿಯಲ್ಲಿ ಟ್ಯಾಕಿಕಾರ್ಡಿಯಾ ಇದ್ದರೆ ಹೃದಯ ಬೇಗ ಹೊಡೆದುಕೊಳ್ಳುತ್ತಿದೆ, ಬ್ರಾಡಿಕಾರ್ಡಿಯಾ ಇದ್ದರೆ ನಿಧಾನ.

ಈಗ ಕೈ ಪಳಗಲಿ

ಮೂರು ತುಂಡು ಸಿಕ್ಕ ಮೇಲೆ ಓದುವ ಕ್ರಮ ಹೀಗೆ: ಬಾಲ, ಆಮೇಲೆ ತಲೆ, ಆಮೇಲೆ ನಡು. ಸ್ಕ್ಯಾನಿಂಗ್‌ನಲ್ಲಿ ಕೋಲೆಲಿಥಿಯಾಸಿಸ್ ಎಂದಿದೆ ಅಂತಿಟ್ಟುಕೊಳ್ಳಿ. ಇಯಾಸಿಸ್, ಇಂಥದ್ದು ಆಗಿರುವುದು. ಕೋಲೆ, ಪಿತ್ತ. ಲಿಥ್, ಕಲ್ಲು. ಪಿತ್ತಕೋಶದಲ್ಲಿ ಕಲ್ಲು. ಹೈಡ್ರೊನೆಫ್ರೋಸಿಸ್? ಓಸಿಸ್, ಸ್ಥಿತಿ. ಹೈಡ್ರೊ, ನೀರು. ನೆಫ್ರೊ, ಕಿಡ್ನಿ. ಕಿಡ್ನಿಯಲ್ಲಿ ನೀರು ನಿಂತಿದೆ. ಆ ನೀರು ಮೂತ್ರವೇ. ಕೆಳಗೆ ಎಲ್ಲೋ ದಾರಿ ಕಟ್ಟಿಕೊಂಡು ಕಿಡ್ನಿ ಊದಿದೆ. ಹಾಗಾದರೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ: “ಎಲ್ಲಿ ಕಟ್ಟಿಕೊಂಡಿದೆ ಡಾಕ್ಟ್ರೇ, ಕಲ್ಲಾ?”

ವಯಸ್ಸಾದವರಿರುವ ಮನೆಯಲ್ಲಿ ಒಂದು ಪದ ಆಗಾಗ ಬರುತ್ತದೆ, ಹೈಪೊನಾಟ್ರೀಮಿಯಾ. ಈಮಿಯಾ, ರಕ್ತದಲ್ಲಿ. ಹೈಪೊ, ಕಡಿಮೆ. ನಡುವಿನ ನಾಟ್ರ್ ಎಂದರೆ ನೇಟ್ರಿಯಂ, ಸೋಡಿಯಂನ ಲ್ಯಾಟಿನ್ ಹೆಸರು. ಹೈಸ್ಕೂಲಿನಲ್ಲಿ ಸೋಡಿಯಂಗೆ ‘ಎನ್‌ಎ’ ಯಾಕೆ ಎಂದು ತಲೆ ಕೆರೆದುಕೊಂಡವರಿಗೆ ಉತ್ತರವೂ ಇದೇ. ಅಜ್ಜ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಿದ್ದರೆ ಅದಕ್ಕೆ ರಕ್ತದಲ್ಲಿ ಸೋಡಿಯಂ ಇಳಿದದ್ದೂ ಒಂದು ಕಾರಣ ಇರಬಹುದು. ಅದು ಆಸ್ಪತ್ರೆಯಲ್ಲೇ ಸರಿಯಾಗಬೇಕಾದದ್ದು. ಮನೆಯಲ್ಲಿ ಉಪ್ಪುನೀರು ಕುಡಿಸುತ್ತಾ ಕೂರಬೇಡಿ.

ಅದೇ ತುಂಡುಗಳು ಪ್ರಾಣಿಗಳ ಮೇಲೆ

1892ರಲ್ಲಿ ಶುರುವಾದ ಮೈಸೂರಿನ ಮೃಗಾಲಯಕ್ಕೆ ಹೋದಾಗ ಬೋರ್ಡಿನಲ್ಲಿ ಕನ್ನಡದ ಹೆಸರು ಓದಿ ಮುಂದೆ ಹೋಗಬೇಡಿ. ಓರೆ ಅಕ್ಷರದಲ್ಲಿರುವ ಎರಡು ಪದಗಳನ್ನೂ ನೋಡಿ. ಮೊದಲನೆಯದು ಕುಲದ ಹೆಸರು, ದೊಡ್ಡಕ್ಷರದಿಂದ ಶುರುವಾಗುತ್ತದೆ. ಎರಡನೆಯದು ಆ ಜಾತಿಯದ್ದು, ಚಿಕ್ಕಕ್ಷರ. ನಮ್ಮ ಮನೆತನದ ಹೆಸರು ಮೊದಲು ಬಂದು ಆಮೇಲೆ ಸ್ವಂತ ಹೆಸರು ಬಂದಂತೆ. ಸ್ವೀಡನ್ನಿನ ಲಿನೇಯಸ್ ರೂಢಿಗೆ ತಂದ ಕ್ರಮ ಇದು. ಪ್ರಾಣಿಗಳ ಹೆಸರಿಗೆ 1758ನೇ ಇಸವಿಯ ಅವನ ಪಟ್ಟಿಯನ್ನೇ ಇಂದಿಗೂ ಆರಂಭ ಎಂದು ಹಿಡಿಯುತ್ತಾರೆ. ಅಂದಹಾಗೆ ಲಿನೇಯಸ್ ಕೂಡ ವೈದ್ಯನೇ.

ಹಿಪೊಪೊಟಮಸ್ ಆಂಫಿಬಿಯಸ್. ಹಿಪ್ಪೊ ಕುದುರೆ, ಪೊಟಮಸ್ ನದಿ. ಆಂಫಿ ಎರಡೂ ಕಡೆ, ಬಯೊ ಬದುಕು. ನೀರಲ್ಲೂ ನೆಲದಲ್ಲೂ ಬದುಕುವ ನದಿಗುದುರೆ. ಕನ್ನಡದಲ್ಲಿ ನೀರ್ಗುದುರೆ ಎಂದವರು ಗ್ರೀಕರ ದಾರಿ ಹಿಡಿದರು, ನೀರಾನೆ ಎಂದವರು ಕಣ್ಣಿಗೆ ಕಂಡದ್ದನ್ನು ಹೇಳಿದರು. ನನ್ನ ಓಟು ನೀರಾನೆಗೆ. ಜಿರಾಫೆಯ ಎರಡನೇ ಹೆಸರು ಕ್ಯಾಮೆಲೊಪಾರ್ಡಾಲಿಸ್. ಕ್ಯಾಮೆಲ್ ಒಂಟೆ, ಪಾರ್ಡ್ ಚಿರತೆ. ಒಂಟೆಯ ಮೈಕಟ್ಟು, ಚಿರತೆಯ ಮಚ್ಚೆ. ಇನ್ನು ರೈನೊಸೆರಸ್‌ನ ರೈನೊ, ಮೂಗು ಕಟ್ಟಿದಾಗ ಇಎನ್‌ಟಿ ಡಾಕ್ಟರ್ ಬರೆಯುವ ರೈನೈಟಿಸ್‌ನ ರೈನೊವೇ. ಮೂಗಿನ ಮೇಲೆ ಕೊಂಬು ಇದ್ದದ್ದು ಘೇಂಡಾಮೃಗ.

ಪಿಯುಸಿ ಮಕ್ಕಳು ಬಾಯಿಪಾಠ ಮಾಡುತ್ತಾ ಗೋಳಾಡುವ ವಂಶಗಳ ಪಟ್ಟಿಯೂ ಹೀಗೇ ಬಿಡಿಸಿಕೊಳ್ಳುತ್ತದೆ. ಆರ್ಥ್ರೊಪೋಡಾ: ಕೀಲುಗಾಲಿನವು. ಅಜ್ಜಿಯ ಆರ್ಥ್ರೈಟಿಸ್‌ನ ಕೀಲೇ ಇಲ್ಲಿ ಜಿರಳೆಯ ಕಾಲಿಗೆ ಬಂದಿದೆ. ಗ್ಯಾಸ್ಟ್ರೊಪೋಡಾ: ಹೊಟ್ಟೆಯೇ ಕಾಲಾದವು, ಬಸವನಹುಳು. ಸೆಫಲೊಪೋಡಾ: ತಲೆಗೇ ಕಾಲು ಹತ್ತಿದವು, ಆಕ್ಟೋಪಸ್. ಎಕೈನೊಡರ್ಮಾಟಾ: ಮುಳ್ಳಿನ ಚರ್ಮದವು. ಕನ್ನಡ ಪಠ್ಯಪುಸ್ತಕದಲ್ಲಿ ಸಂಧಿಪದಿ, ಕಂಟಕಚರ್ಮಿ ಎಂದಿತ್ತಲ್ಲ, ಅದನ್ನು ಬರೆದವರು ಮಾಡಿದ್ದೂ ಇದನ್ನೇ, ತುಂಡು ತುಂಡಾಗಿ ಬಿಡಿಸಿ ತಂದಿದ್ದಾರೆ. ಪ್ಲಾಟಿಹೆಲ್ಮಿಂಥಿಸ್‌ನ ಪ್ಲಾಟಿ ಎಂದರೆ ಚಪ್ಪಟೆ. ಪ್ಲೇಟು, ಪ್ಲೇಟ್‌ಲೆಟ್ ಎಲ್ಲ ಅದೇ ಚಪ್ಪಟೆ ಸಂಸಾರ. ಡಿಪ್ಟೆರಾ ಎಂದರೆ ಎರಡು ರೆಕ್ಕೆಯವು: ಡಿ ಎರಡು, ಪ್ಟೆರ ರೆಕ್ಕೆ. ಅದೇ ರೆಕ್ಕೆ ಹೆಲಿಕಾಪ್ಟರ್‌ನಲ್ಲೂ ಇದೆ. ಹೆಲಿಕಾಪ್ಟರ್ ಪದವನ್ನು ಹೆಲಿಕೊ ಮತ್ತು ಪ್ಟರ್ ಎಂದು ಒಡೆಯಬೇಕು, ನಾವು ಹೆಲಿ ಮತ್ತು ಕಾಪ್ಟರ್ ಎಂದು ಒಡೆಯುತ್ತೇವೆ.

ಈ ಎರಡು ರೆಕ್ಕೆಯ ಗುಂಪಿನಲ್ಲೇ ಸೊಳ್ಳೆಗಳಿವೆ. ಮಲೇರಿಯಾ ಹರಡುವ ಸೊಳ್ಳೆ ಅನಾಫಿಲಿಸ್. ಅನೀಮಿಯಾದ ‘ಅನ್’ ಇಲ್ಲೂ ಬಂತು. ಪದದ ಅರ್ಥ ‘ಪ್ರಯೋಜನವಿಲ್ಲದ್ದು’. ಡೆಂಗಿ ಹರಡುವ ಏಡಿಸ್ ಎಂದರೆ ‘ಹಿತವಲ್ಲದ್ದು’. ಹೆಸರಿಟ್ಟವರಿಗೆ ಸೊಳ್ಳೆ ಚೆನ್ನಾಗಿ ಕಚ್ಚಿರಬೇಕು.

ಒಂದು ಹುಳುವಿನ ಹೆಸರನ್ನು ನಿಧಾನವಾಗಿ ಬಿಡಿಸೋಣ, ಯಾಕೆಂದರೆ ಆಸ್ಪತ್ರೆ ಮತ್ತು ಪ್ರಾಣಿಶಾಸ್ತ್ರ ಎರಡೂ ಅದರಲ್ಲಿ ಕೂಡಿಕೊಂಡಿವೆ. ಕೊಕ್ಕೆಹುಳುವಿನ ಹೆಸರು ಆಂಕಿಲೊಸ್ಟೋಮಾ ಡುಯೊಡಿನೇಲ್. ಆಂಕಿಲೊ ಎಂದರೆ ಬಾಗಿದ್ದು. ಸ್ಟೋಮಾ, ಆಗಲೇ ಕೊಲಾಸ್ಟಮಿಯಲ್ಲಿ ನೋಡಿದ ಬಾಯಿ. ಬಾಗಿದ ಬಾಯಿಯದ್ದು. ಅದೇ ಆಂಕಿಲೊ ‘ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್’ನಲ್ಲೂ ಇದೆ, ಬೆನ್ನು ಬಿಗಿದು ಬಾಗಿಹೋಗುವ ಕಾಯಿಲೆ. ಡುಯೊಡಿನಂ ಎಂದರೆ ಸಣ್ಣ ಕರುಳಿನ ಮೊದಲ ಭಾಗ. ಲ್ಯಾಟಿನ್‌ನಲ್ಲಿ ಹನ್ನೆರಡು ಎಂದು. ಹನ್ನೆರಡು ಬೆರಳು ಅಗಲದಷ್ಟು ಉದ್ದ ಎಂದು ಹಿಂದಿನವರು ಅಳೆದಿದ್ದರು. ನಮ್ಮಲ್ಲಿ ಹೂವನ್ನು ಮೊಳದಲ್ಲಿ ಅಳೆಯುತ್ತಾರೆ, ಅವರು ಕರುಳನ್ನು ಬೆರಳಲ್ಲಿ ಅಳೆದರು! ಈ ಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಅನೀಮಿಯಾ ಬರುತ್ತದೆ.

ಪ್ರಾಣಿಯ ಹೆಸರಿನ ಪಕ್ಕದಲ್ಲಿ ಒಬ್ಬರ ಹೆಸರು ಮತ್ತು ಇಸವಿ ಇದ್ದರೆ ಅದು ಆ ಪ್ರಾಣಿಯನ್ನು ಮೊದಲು ವಿವರಿಸಿದವರದ್ದು. ಅದನ್ನು ಕಂಸದೊಳಗೆ ಹಾಕಿದ್ದರೆ, ಆಮೇಲೆ ಕುಲ ಬದಲಾಗಿದೆ ಎಂದರ್ಥ. ನಮ್ಮ ದರೋಜಿಯ ಕರಡಿಗೆ ಇದರದ್ದೊಂದು ಕಥೆಯಿದೆ. ಅದರ ಹೆಸರು ಮೆಲರ್ಸಸ್ ಅರ್ಸಿನಸ್, ಪಕ್ಕದಲ್ಲಿ ಕಂಸದೊಳಗೆ ಶಾ, 1791. ಜಾರ್ಜ್ ಶಾ ಎಂಬ ಇಂಗ್ಲೆಂಡಿನ ವಿಜ್ಞಾನಿ ಉದ್ದ ಉಗುರು ನೋಡಿ ಇದನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ಆ ಕುಲದ ಹೆಸರು ಬ್ರಾಡಿಪಸ್. ಇಸಿಜಿಯ ಬ್ರಾಡಿ, ನಿಧಾನಗಾಲಿನದು. ಆಮೇಲೆ ತಪ್ಪು ತಿದ್ದಿ ಮೆಲರ್ಸಸ್ ಮಾಡಿದರು. ಮೆಲ್ ಜೇನು, ಅರ್ಸಸ್ ಕರಡಿ. ಜೇನುಕರಡಿ. ಇಂಗ್ಲಿಷಿನವರು ಮಾತ್ರ ಇವತ್ತಿಗೂ ಸ್ಲಾತ್ ಬೇರ್ ಎಂದೇ ಕರೆಯುತ್ತಾರೆ.

ಒಂದು ಬಾಟಲಿ, ನಾಲ್ಕು ಹಾವು

ಹಾವು ಕಡಿದವರಿಗೆ ಕೊಡುವ ಆಂಟಿವೆನಂ ಬಾಟಲಿಯ ಚೀಟಿ ಯಾವಾಗಲಾದರೂ ಓದಿದ್ದೀರಾ? ‘ಪಾಲಿವೇಲೆಂಟ್’ ಎಂದಿರುತ್ತದೆ. ಪಾಲಿ ಎಂದರೆ ಹಲವು. ಕೆಳಗೆ ನಾಲ್ಕು ಹಾವಿನ ಹೆಸರು. ನಾಜಾ ನಾಜಾ, ನಮ್ಮ ನಾಗರಹಾವು. ಸಂಸ್ಕೃತದ ನಾಗನೇ ಲ್ಯಾಟಿನ್ ವೇಷ ಹಾಕಿ ಎರಡು ಸಲ ಬಂದಿದ್ದಾನೆ. ಬಂಗಾರಸ್ ಸೆರೂಲಿಯಸ್, ಕಟ್ಟುಹಾವು. ಬಂಗಾರಸ್ ಎಂಬುದು ತೆಲುಗಿನ ಬಂಗಾರು, ನಮ್ಮ ಬಂಗಾರವೇ. ಸೆರೂಲಿಯಸ್ ಎಂದರೆ ನೀಲಿ. ಡಬೋಯಾ ರಸೆಲಿ, ಕೊಳಕುಮಂಡಲ. ರಸೆಲಿ ಎಂದರೆ ರಸೆಲ್‌ನದು. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕೋರಮಂಡಲ ಕರಾವಳಿಯಲ್ಲಿದ್ದು ಹಾವುಗಳ ಬಗ್ಗೆ ಬರೆದವನು. ಹೆಸರಿನ ಕೊನೆಯ ‘ಇ’ ಕಂಡರೆ ಹೀಗೆ ಯಾರದೋ ಗೌರವಕ್ಕೆ ಇಟ್ಟದ್ದು ಎಂದು ತಿಳಿಯಬಹುದು.

ನಾಲ್ಕನೆಯದು ಎಕಿಸ್ ಕೆರಿನೇಟಸ್, ಗರಗಸ ಮಂಡಲ. ಕೆರೈನಾ ಎಂದರೆ ದೋಣಿಯ ತಳದಲ್ಲಿರುವ ಏಣು. ಈ ಹಾವಿನ ಹುರುಪೆಗಳ ಮೇಲೆ ಅಂಥ ಏಣು ಇದೆ. ಮೈಯನ್ನು ಮೈಗೆ ಉಜ್ಜಿದಾಗ ಗರಗಸ ಎಳೆದ ಸದ್ದು ಬರುವುದು ಅದರಿಂದಲೇ. ಇದೇ ಕೆರೈನಾ ಐಸಿಯು ಎಕ್ಸ್‌ರೇ ರಿಪೋರ್ಟಿನಲ್ಲೂ ಸಿಗುತ್ತದೆ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಒಳಗಡೆ ಒಂದು ಏಣು ಇದೆ. ಉಸಿರಾಟದ ಕೊಳವೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅದರಿಂದ ಎಷ್ಟು ಮೇಲಿದೆ ಎಂಬ ಲೆಕ್ಕದಲ್ಲಿ.

ಪಾಲಿ ಎಂಬ ಒಂದು ತುಂಡಿನಿಂದ ಒಂದು ಉಪಯೋಗದ ವಿಷಯ ತಿಳಿಯುತ್ತದೆ. ಒಂದೇ ಔಷಧ ನಾಲ್ಕಕ್ಕೂ ಆಗುವುದರಿಂದ, ಕಡಿದ ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಕಡಿಸಿಕೊಂಡವರನ್ನು ಬೇಗ ಕರೆದೊಯ್ದರೆ ಸಾಕು.

ಕಾಳಿಂಗ ಸರ್ಪ ಈ ನಾಲ್ಕರಲ್ಲಿ ಇಲ್ಲ. ಅದರ ಕುಲ ಒಫಿಯೊಫೇಗಸ್. ಒಫಿಯೊ ಹಾವು, ಫೇಗಸ್ ತಿನ್ನುವುದು. ಬಹಳ ಕಾಲ ಎಲ್ಲ ಕಡೆಯ ಕಾಳಿಂಗವೂ ಒಂದೇ ಜಾತಿ ಎಂದಿದ್ದರು. 2024ರಲ್ಲಿ ಅದನ್ನು ನಾಲ್ಕು ಜಾತಿಯಾಗಿ ಬೇರೆ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ಗ್ರೀಕ್ ತಲೆ, ಕನ್ನಡ ಬಾಲ. ಶರಾವತಿ ಕಡೆಯ ಕಾಡಿನ ಒಂದು ಕಪ್ಪೆಗೂ ಇಂಥದ್ದೇ ಹೆಸರಿದೆ, ನಿಕ್ಟಿಬಟ್ರಾಕಸ್ ಕುಂಬಾರ. ನಿಕ್ಟಿ ರಾತ್ರಿ, ಬಟ್ರಾಕಸ್ ಕಪ್ಪೆ. ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ ಎಂದು 2014ರಲ್ಲಿ ಕುಂಬಾರ ಎಂದೇ ಹೆಸರಿಟ್ಟರು. ಇರುಳುಗುರುಡಿಗೆ ಕಣ್ಣಿನ ಡಾಕ್ಟರ್ ನಿಕ್ಟಲೋಪಿಯಾ ಎಂದು ಬರೆದರೆ ಆ ನಿಕ್ಟ್ ಈ ಕಪ್ಪೆಯದ್ದೇ ರಾತ್ರಿ.

ಮೋಸ ಹೋಗುವ ಜಾಗಗಳು

ಪದ ಬಿಡಿಸುವುದು ಕಲಿತ ಹೊಸದರಲ್ಲಿ ಎಲ್ಲವನ್ನೂ ಬಿಡಿಸುವ ಹುಚ್ಚು ಬರುತ್ತದೆ. ನನಗೂ ಬಂದಿತ್ತು. ಸಮೀಪದೃಷ್ಟಿಯ ಮಯೋಪಿಯಾದಲ್ಲಿ ಸ್ನಾಯುವಿನ ಮಯೊ ಇದೆ ಎಂದು ತಿಂಗಳುಗಟ್ಟಲೆ ನಂಬಿದ್ದೆ. ಅದು ಕಣ್ಣು ಕಿರಿದು ಮಾಡುವುದು ಎಂಬ ಬೇರೆ ಪದ. ಆರ್ಥೋಪೆಡಿಕ್‌ನ ಪೆಡ್ ಕಾಲಲ್ಲ, ಮಗು. ಮಕ್ಕಳ ಸೊಟ್ಟ ಅಂಗಗಳನ್ನು ನೆಟ್ಟಗೆ ಮಾಡುವ ವಿದ್ಯೆ ಎಂದು ಶುರುವಾದದ್ದು. ಪಿಡಿಯಾಟ್ರಿಕ್‌ನ ಮಗುವೇ ಅದು.

ಫೋನಿನಲ್ಲಿ ಕೇಳಿದ ಪದವನ್ನು ನಂಬಬೇಡಿ. ಹೈಪರ್ ಥೈರಾಯ್ಡ್, ಹೈಪೊ ಥೈರಾಯ್ಡ್ ಎರಡೂ ಗಡಿಬಿಡಿಯಲ್ಲಿ ಒಂದೇ ಥರ ಕೇಳುತ್ತವೆ, ಆದರೆ ಮಾತ್ರೆ ಪೂರ್ತಿ ಉಲ್ಟಾ. ನೆಫ್ರೊ, ನ್ಯೂರೊ ಕೂಡ ಹಾಗೆಯೇ, ನೆಂಟರೊಬ್ಬರು ಕಿಡ್ನಿ ಡಾಕ್ಟರ ಬದಲು ನರದ ಡಾಕ್ಟರ ಬಾಗಿಲಲ್ಲಿ ಎರಡು ಗಂಟೆ ಕಾದು ಬಂದಿದ್ದಾರೆ. ಡಿಸ್‌ಫೇಜಿಯಾ ನುಂಗಲು ಕಷ್ಟ, ಡಿಸ್‌ಫೇಸಿಯಾ ಮಾತಾಡಲು ಕಷ್ಟ. ಕಾಳಿಂಗದ ಫೇಗಸ್ ನೆನೆದುಕೊಂಡರೆ ಯಾವುದು ನುಂಗುವುದು ಎಂದು ಮರೆಯುವುದಿಲ್ಲ. ಇಲಿಯಂ ಎಂಬುದಂತೂ ಕನ್ನಡದಲ್ಲಿ ಬರೆದರೆ ಒಂದೇ. ಇಂಗ್ಲಿಷಿನಲ್ಲಿ ನಡುವೆ ‘ಇ’ ಅಕ್ಷರ ಇದ್ದರೆ ಕರುಳು, ‘ಐ’ ಅಕ್ಷರ ಇದ್ದರೆ ಸೊಂಟದ ಮೂಳೆ. ಇಂಥ ಕಡೆ ಮೂಲ ಚೀಟಿಯ ಫೋಟೊ ತರಿಸಿಕೊಳ್ಳುವುದೇ ಸರಿ.

‘ಪಾಸಿಟಿವ್’ ಎಂದರೆ ಹುಡುಕಿದ್ದು ಸಿಕ್ಕಿದೆ ಎಂದು, ಒಳ್ಳೆಯದಾಗಿದೆ ಎಂದಲ್ಲ. ‘ಅಕ್ಯೂಟ್’ ಎಂದರೆ ಇದ್ದಕ್ಕಿದ್ದಂತೆ ಬಂದದ್ದು, ‘ಕ್ರಾನಿಕ್’ ಬಹುಕಾಲದ್ದು. ‘ಇಡಿಯೋಪಥಿಕ್’ ಎಂದು ಬರೆದಿದ್ದರೆ ಕಾರಣ ತಿಳಿದಿಲ್ಲ ಎಂಬುದಕ್ಕೆ ಅದು ಗೌರವದ ಹೆಸರು.

ಔಷಧ ಚೀಟಿಯಲ್ಲಿ ಓಡಿ ಎಂದಿದ್ದರೆ ಓಡಬೇಕಿಲ್ಲ, ಬಿಡಿ ಎಂದಿದ್ದರೆ ಬಿಡಬೇಕಿಲ್ಲ. ಓ.ಡಿ. ದಿನಕ್ಕೊಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ, ಎಚ್.ಎಸ್. ಮಲಗುವಾಗ, ಎಸ್.ಒ.ಎಸ್. ಬೇಕೆನಿಸಿದಾಗ ಮಾತ್ರ. ಆದರೆ ಕಣ್ಣಿನ ಚೀಟಿಯಲ್ಲಿ ಓ.ಡಿ. ಎಂದರೆ ಬಲಗಣ್ಣು, ಓ.ಎಸ್. ಎಂದರೆ ಎಡಗಣ್ಣು. ಒಂದೇ ಎರಡಕ್ಷರ, ಎರಡು ಅರ್ಥ. ಡ್ರಾಪ್ಸ್ ಹಾಕುವ ಮೊದಲು ಮೆಡಿಕಲ್ ಶಾಪಿನವರನ್ನೇ ಒಮ್ಮೆ ಕೇಳಿಬಿಡಿ.

ಕೆಲವು ಹೆಸರಂತೂ ತಪ್ಪು ತಿಳಿವಳಿಕೆಯ ಮೇಲೇ ನಿಂತಿವೆ. ಮಲೇರಿಯಾ ಎಂದರೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ಗಾಳಿಯದ್ದಲ್ಲ, ಸೊಳ್ಳೆಯದ್ದು ಎಂದು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡ. ಹೆಸರು ಹಾಗೇ ಉಳಿಯಿತು. ಕ್ಯಾನ್ಸರ್ ಎಂದರೆ ಏಡಿ. ಗಡ್ಡೆಯಿಂದ ಸುತ್ತ ಚಾಚಿದ ರಕ್ತನಾಳಗಳು ಏಡಿಯ ಕಾಲಿನಂತೆ ಕಂಡವಂತೆ. ಕನ್ನಡದಲ್ಲಿ ಹಿಂದೆ ಏಡಿಗಂತಿ ಎಂದೂ ಬರೆಯುತ್ತಿದ್ದರು. ನಮ್ಮ ಮೈಯೊಳಗೆ ಹೀಗೆ ಒಂದು ಸಣ್ಣ ಮೃಗಾಲಯವೇ ಇದೆ. ಮೆದುಳಿನ ಹಿಪೊಕ್ಯಾಂಪಸ್ ಸಮುದ್ರಕುದುರೆ, ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು, ಬೆನ್ನಿನ ತುದಿಯ ಕಾಕ್ಸಿಕ್ಸ್ ಕೋಗಿಲೆಯ ಕೊಕ್ಕು, ಮಸಲ್ ಎಂದರೆ ಪುಟ್ಟ ಇಲಿ. ತೋಳು ಮಡಿಸಿ ನೋಡಿ, ಚರ್ಮದಡಿ ಇಲಿ ಓಡಿದಂತೆ ಕಾಣುತ್ತದೆ.

ಬಿಡಿಸಲು ಬಾರದ ಹೆಸರು

ಮನುಷ್ಯರ ಹೆಸರು, ಊರಿನ ಹೆಸರು ಹೊತ್ತ ಕಾಯಿಲೆಗಳನ್ನು ಒಡೆಯಲು ಹೋಗಬೇಡಿ. ಪಾರ್ಕಿನ್ಸನ್ ಎಂಬುದು ಒಬ್ಬ ವೈದ್ಯನ ಹೆಸರು. ಕೆಎಫ್‌ಡಿ ಎಂದರೆ ಕ್ಯಾಸನೂರು ಕಾಡಿನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರಿಗೂ ಜ್ವರ ಬಂದಾಗ ಗುರುತಿಸಿದ್ದು. ಊರಿನವರು ಮಂಗನ ಕಾಯಿಲೆ ಎಂದೇ ಕರೆದರು.

ಆದರೆ ಅದನ್ನು ಹರಡುವ ಉಣುಗಿನ ಹೆಸರು ಬಿಡಿಸಬಹುದು. ಹೀಮಫೈಸಾಲಿಸ್ ಸ್ಪಿನಿಜೆರಾ. ಹೀಮ, ರಕ್ತ. ಫೈಸಾಲಿಸ್, ಗುಳ್ಳೆ. ಸ್ಪಿನಿ, ಮುಳ್ಳು. ಜೆರಾ, ಹೊತ್ತದ್ದು. ಮುಳ್ಳು ಹೊತ್ತ ರಕ್ತದ ಗುಳ್ಳೆ. ದನದ ಕಿವಿಯ ಹಿಂದೆ ರಕ್ತ ಹೀರಿ ಉಬ್ಬಿದ ಉಣ್ಣೆಯನ್ನು ಕಂಡವರಿಗೆ ಈ ಹೆಸರು ವಿವರಿಸಬೇಕಿಲ್ಲ. ಈ ಕಾಯಿಲೆಗೆ ಸಾಯುವ ಮಂಗಗಳಲ್ಲಿ ಕಪ್ಪು ಮೂತಿಯ ಮುಸುವ ಒಂದು. ಅದರ ಕುಲ ಸೆಮ್ನೊಪಿಥೆಕಸ್. ಪಿಥೆಕಸ್, ಮಂಗ. ಸೆಮ್ನೊ, ಪೂಜ್ಯ. ಫ್ರಾನ್ಸಿನವನೊಬ್ಬ ಇಟ್ಟ ಹೆಸರು, ಆದರೆ ಊರ ಮುಂದಿನ ಹನುಮಂತನ ಗುಡಿಯಲ್ಲಿ ಕೂತು ಇಟ್ಟ ಹಾಗಿದೆ.